ನಂಜುಂಡಪ್ಪ ವರದಿಗೆ ಎಷ್ಟು ಎಚ್-ಇಂಡೆಕ್ಸ್?

ಅರ್ಥಶಾಸ್ತ್ರಜ್ಞರೊಬ್ಬರ ಸಂಶೋಧನೆಯ ಪ್ರಭಾವ ಅಳೆಯಲು ಇಂದು ಎರಡು ಲೆಕ್ಕಗಳು ರೂಢಿಯಲ್ಲಿವೆ: ಅವರ ಬರಹವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ, ಅವರು ಯಾರ ಯಾರ ಜೊತೆ ಸೇರಿ ಬರೆದಿದ್ದಾರೆ. ಭೌತವಿಜ್ಞಾನಿ ಜಾರ್ಜ್ ಹರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಮೊದಲನೆಯ ಬಗೆಯದು. ತಲಾ 10 ಸಲವಾದರೂ ಉಲ್ಲೇಖಗೊಂಡ 10 ಲೇಖನಗಳಿದ್ದರೆ ಸೂಚ್ಯಂಕ 10. ಲೆಕ್ಕ ಸುಲಭ, ಆದ್ದರಿಂದಲೇ ನೇಮಕಾತಿ ಸಮಿತಿಗಳಿಗೆ ಅಚ್ಚುಮೆಚ್ಚು. ಪಿನ್ನರ್‌ ಸುತ್ತಮುತ್ತಲಿನ ನಮ್ಮ ಮಕ್ಕಳಲ್ಲಿ ಅರ್ಥಶಾಸ್ತ್ರ ಓದುವವರಿದ್ದಾರೆ. ಈ ಅಂಕಿಯನ್ನೇ ಅವರು ವಿದ್ವತ್ತೆಂದು ನಂಬಿಬಿಟ್ಟರೆ ಎಂಬ ಆತಂಕದಿಂದ ಇದನ್ನು ಬರೆಯುತ್ತಿದ್ದೇನೆ.

ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಒಟ್ಟುಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅಂದಿನ 175 ತಾಲ್ಲೂಕುಗಳನ್ನೂ ಅದು ತೂಗಿತು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಈ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಜಿಲ್ಲೆಯ ಸರಾಸರಿಯ ಹಿಂದೆ ಅಡಗಿದ್ದ ಬಡತನ ತಾಲ್ಲೂಕಿನ ಹೆಸರು ಹಿಡಿದು ಹೊರಬಂತು. ದೂರದ ದೇವದುರ್ಗದ ಜೊತೆಗೆ ಬೆಂಗಳೂರಿನ ಪಕ್ಕದ ಕನಕಪುರವೂ ಪಟ್ಟಿಯಲ್ಲಿತ್ತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ವರದಿ ಶಿಫಾರಸು ಮಾಡಿತು.

ಇದಕ್ಕೆ ಉಲ್ಲೇಖದ ಯಂತ್ರ ಕೊಡುವ ಅಂಕ ಎಷ್ಟು? ಸಂಶೋಧನಾ ಲೇಖನಗಳು ಈ ವರದಿಯನ್ನು ಸಾಮಾನ್ಯವಾಗಿ 'ಕರ್ನಾಟಕ ಸರ್ಕಾರ, 2002' ಎಂದು ನಮೂದಿಸುತ್ತವೆ. ಲೇಖಕನೇ ಸರ್ಕಾರವಾದ ಮೇಲೆ ನಂಜುಂಡಪ್ಪನವರ ಖಾತೆಗೆ ಏನೂ ಜಮೆಯಾಗದು. ಸಹಯೋಗದ ಲೆಕ್ಕವೂ ಅಷ್ಟೇ: ಸಮಿತಿಯಲ್ಲಿ ಜೊತೆಗೆ ದುಡಿದವರು ಸಹಲೇಖಕರೆನಿಸುವುದಿಲ್ಲ. (ನಮ್ಮ ಇನಿಷಿಯಲ್ಲುಗಳ ಗೋಜಲು ಬೇರೆ. ವಿ.ಕೆ.ಆರ್.ವಿ. ರಾವ್ 'ರಾವ್, ವಿ.' ಆದರೆ ಯಾವ ರಾವ್ ಎಂದು ಹುಡುಕುವುದು?)

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ಒಪ್ಪಿಕೊಂಡಿದೆ. ವಿದ್ವತ್‌ವಲಯದ ಆಚೆ ಸಂಶೋಧನೆ ತಂದ ಬದಲಾವಣೆಗೆ 2014ರಲ್ಲಿ ಶೇ. 20 ಅಂಕವಿತ್ತು, 2021ರಲ್ಲಿ ಶೇ. 25 ಆಯಿತು. ಆ ಬದಲಾವಣೆಯನ್ನು ಪುರಾವೆಯೊಡನೆ ಬರೆದು ಒಪ್ಪಿಸಬೇಕು. ನಂಜುಂಡಪ್ಪ ವರದಿಗೆ ಹೊಂದುವ ಅಳತೆ ಇದೇ.

ಆದರೆ ಇಲ್ಲೂ ಒಂದು ತೊಡಕಿದೆ. ವಿಧಾನಸಭೆಯಲ್ಲಿ, ಪತ್ರಿಕೆಗಳಲ್ಲಿ ಈ ವರದಿಯ ಹೆಸರು ಎತ್ತದವರಿಲ್ಲ. ಓದಿದವರು ಎಷ್ಟು ಮಂದಿಯೋ! ಹೆಸರು ಎತ್ತಿದ್ದನ್ನೇ ಪ್ರಭಾವ ಎಂದರೆ ಎಚ್-ಇಂಡೆಕ್ಸ್‌ನ ತಪ್ಪನ್ನೇ ಕನ್ನಡದಲ್ಲಿ ಮಾಡಿದಂತೆ. ಅನುದಾನ ಬಿಡುಗಡೆಯಾದದ್ದೂ ಸಾಕ್ಷಿಯಲ್ಲ. ಶಾಲೆ, ಆಸ್ಪತ್ರೆ, ನೀರಾವರಿ ಆ ತಾಲ್ಲೂಕಿಗೆ ತಲುಪಿದವೇ ಎಂಬುದು ಸಾಕ್ಷಿ.

ಈ ವರದಿಯ ಅನುಷ್ಠಾನವನ್ನು ಪರಿಶೀಲಿಸಿ ಅಸಮತೋಲನವನ್ನು ಮತ್ತೆ ಅಳೆಯಲು ಕರ್ನಾಟಕ ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಭಾರತದ ಒಕ್ಕೂಟ ವ್ಯವಸ್ಥೆಯ ಬಗ್ಗೆ ನಿರ್ವಿಕಾರ್ ಸಿಂಗ್ ಜೊತೆ ಅವರು ಬರೆದ ಗ್ರಂಥ 2005ರಲ್ಲಿ ಬಂತು. ಉಲ್ಲೇಖ, ಸಹಯೋಗ ಎರಡೂ ಲೆಕ್ಕಗಳಿಗೆ ಸುಲಭವಾಗಿ ಸಿಗುವ ವಿದ್ವಾಂಸರು. ಯಂತ್ರದ ಕಣ್ಣಿಗೆ ಬೀಳದ ಕೆಲಸದ ಫಲ ನೋಡುವ ಹೊಣೆ ಅವರ ಪಾಲಿಗೆ ಬಂದಿತು. 2002ರ 175 ತಾಲ್ಲೂಕುಗಳು ಒಡೆದು ಈಗ 230 ದಾಟಿವೆ. ಹಳೆಯ ಗಡಿಗಳಿಗೆ ಅಂಕಿಗಳನ್ನು ಮರುಜೋಡಿಸದೆ ಅಂದಿನ ದೇವದುರ್ಗವನ್ನು ಇಂದಿನದರೊಡನೆ ಹೋಲಿಸಲಾಗದು.