ಲಕ್ಕಮ್ಮನ ಎಚ್ಚರ: ಕಾಯಕ, ಗಳಿಕೆ ಮತ್ತು ದಾಂಪತ್ಯ

ಆಯ್ದಕ್ಕಿ ಲಕ್ಕಮ್ಮನನ್ನು ಕುರಿತು ಬರೆದವರಲ್ಲಿ ಅನೇಕರು ಆಕೆಯನ್ನು ಪತಿವ್ರತೆಯೆಂದೂ ನಿಸ್ಪೃಹತೆಯ ಮೂರ್ತಿಯೆಂದೂ ಕೊಂಡಾಡಿ ವಿರಮಿಸುತ್ತಾರೆ. ಈ ಸ್ತುತಿ ಅಯುಕ್ತವಲ್ಲ; ಆದರೆ ಅಪೂರ್ಣ. ಗಂಡನ ದುಡಿಮೆ ಹೇಗೆ ನಡೆಯಬೇಕು, ಅದರಿಂದ ಮನೆಗೆ ಎಷ್ಟು ಬರಬೇಕು ಎಂಬುದನ್ನು ನಿರ್ಣಯಿಸುವಲ್ಲಿ ಹೆಂಡತಿಗೂ ಸಮಪಾಲುಂಟೆಂಬುದು ಆಕೆಯ ವಚನಗಳ ತಿರುಳು.

ಮಾರಯ್ಯ-ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರ ಮನೆಯ ದಾಸೋಹ. ಶೂನ್ಯಸಂಪಾದನೆಯಲ್ಲಿ ಬರುವ ಇವರ ಸಂವಾದದ ಎರಡು ಸಂದರ್ಭಗಳು ವಿಚಾರಾರ್ಹವಾಗಿವೆ. ಅನುಭಾವದ ಮಾತಿನಲ್ಲಿ ಮೈಮರೆತ ಪತಿಗೆ ಕಾಯಕ ನಿಂತುಹೋದುದನ್ನು ಲಕ್ಕಮ್ಮ ನೆನಪಿಸುತ್ತಾಳೆ. ಆತ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ.

ಒಂದೆಡೆ ದುಡಿಮೆ ಕುಂದಿತೆಂಬ ಆಕ್ಷೇಪ. ಇನ್ನೊಂದೆಡೆ ಗಳಿಕೆ ಮಿಕ್ಕಿತೆಂಬ ಆಕ್ಷೇಪ. ಆಕೆ ಕೇವಲ ಬಡತನವನ್ನು ಮೆಚ್ಚಿದವಳಾಗಿದ್ದರೆ ಮೊದಲನೆಯ ಮಾತು ಅನಾವಶ್ಯಕವಾಗುತ್ತಿತ್ತು. ಸಂಪಾದನೆಯನ್ನೇ ಮೆಚ್ಚಿದವಳಾಗಿದ್ದರೆ ಎರಡನೆಯದು ಅಸಂಗತವಾಗುತ್ತಿತ್ತು. ಎರಡೂ ಸೇರಿದಾಗಲೇ ಆಕೆಯ ನಿಲುವು ಸ್ಪಷ್ಟವಾಗುತ್ತದೆ: ದುಡಿಮೆ ತಪ್ಪಬಾರದು, ಅಗತ್ಯ ಮೀರಬಾರದು. ಅಕ್ಕಿಯನ್ನು ಹಿಂದಿರುಗಿಸಿದರೆ ಬರಿದಾಗುವುದು ಆಕೆಯದೇ ಮಡಕೆಯೆಂಬುದನ್ನು ಮರೆಯಲಾಗದು. ನಿರ್ಧಾರದ ನಷ್ಟವನ್ನು ತಾನೂ ಹೊರುವವಳ ಮಾತಾದುದರಿಂದಲೇ ಅದಕ್ಕೆ ಅಷ್ಟು ತೂಕ.

ಮಾರಯ್ಯನ ಪಾತ್ರವನ್ನೂ ಕಡೆಗಣಿಸಬಾರದು. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕೆಂದು ಸಾರಿದ ವಚನಕಾರನೇ ಈತ. ತನ್ನ ತತ್ತ್ವವನ್ನೇ ಮಡದಿ ತನಗೆ ನೆನಪಿಸಿದಾಗ ಆತ ಅಭಿಮಾನಪಡದೆ ಒಪ್ಪುತ್ತಾನೆ. ಹೇಳುವ ಧೈರ್ಯದಷ್ಟೇ ಕೇಳುವ ವಿನಯವೂ ಇಲ್ಲಿ ಮುಖ್ಯ.

ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಇದರಲ್ಲಿ ಪತಿಯ ಹೆಸರಿರುವುದರಿಂದ ಆಕೆಯ ಸ್ವಾತಂತ್ರ್ಯ ಸೀಮಿತವೆಂದು ವಾದಿಸಬಹುದು. ಆದರೆ ಪತಿಯನ್ನು ಒಡೆಯನೆಂದು ಸಂಬೋಧಿಸುತ್ತಲೇ ಆಕೆ ಅವನನ್ನು ತಿದ್ದುತ್ತಾಳೆ. ಗೌರವವು ವಿವೇಕದ ಬಾಯಿ ಕಟ್ಟಿಲ್ಲ. ಇನ್ನೊಂದು ಎಚ್ಚರವೂ ಅಗತ್ಯ. ವಚನಗಳು 12ನೆಯ ಶತಮಾನದವು. ಅವನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಗಳು 15ನೆಯ ಶತಮಾನ ಮತ್ತು ಅನಂತರದವು. ಆದ್ದರಿಂದ ಇದನ್ನು ಆ ಮನೆಯ ಮಾತುಕತೆಯ ಯಥಾವತ್ ದಾಖಲೆಯೆಂದು ಭಾವಿಸುವಂತಿಲ್ಲ. ಆದರೂ ಆದರ್ಶ ದಾಂಪತ್ಯವನ್ನು ಚಿತ್ರಿಸುವಾಗ ಸಂಕಲನಕಾರರು ವಿಧೇಯ ಮೌನವನ್ನಲ್ಲ, ಈ ಸಂವಾದವನ್ನೇ ಆರಿಸಿಕೊಂಡರೆಂಬುದು ಅರ್ಥಪೂರ್ಣ.

ಇಂದು ಅನೇಕ ಮನೆಗಳಲ್ಲಿ ಇಬ್ಬರೂ ದುಡಿಯುತ್ತಾರೆ. ಆದರೂ ವರ್ಗಾವಣೆಯನ್ನು ಒಪ್ಪುವುದು, ನೌಕರಿ ಬಿಡುವುದು, ಸಾಲ ತೆಗೆದು ವ್ಯಾಪಾರ ಹೂಡುವುದು ಎಷ್ಟೋ ವೇಳೆ ಒಬ್ಬರ ನಿರ್ಧಾರವಾಗಿರುತ್ತದೆ. ತೀರಿಸುವ ಹೊರೆ ಮಾತ್ರ ಇಬ್ಬರದು. ಹೆಂಡತಿಯ ಉದ್ಯೋಗದ ವಿಚಾರದಲ್ಲಿಯೂ ಇದೇ ನ್ಯಾಯ ಸಲ್ಲಬೇಕು. ಅಕ್ಕಿ ಮನೆಯ ಹೊಸ್ತಿಲು ದಾಟುವ ಮುನ್ನ ಇಬ್ಬರೂ ಅದನ್ನು ತೂಗಿ ನೋಡುವುದೇ ಲಕ್ಕಮ್ಮ ತೋರಿದ ದಾರಿ. ಆಕೆಯನ್ನು ಪೂಜಿಸುವುದು ಸುಲಭ; ಆಕೆಯಂತೆ ಕೇಳುವವರಿಗೆ ಮಾರಯ್ಯನಂತೆ ಕಿವಿಗೊಡುವುದು ಕಠಿನ.