ನೋಡುವವರ ಪಾಲು

ಹಿಂಸೆಯನ್ನು ಖಂಡಿಸುತ್ತೇವೆಂದು ಹೊರಡುವ ಚಿತ್ರಗಳು ಹಿಂಸೆಯನ್ನೇ ಮಾರಿ ಬದುಕುತ್ತವೆ ಎಂಬ ಆಕ್ಷೇಪ ಹಳೆಯದು. ಕದ್ದು ನೋಡುವ ಚಪಲವನ್ನೇ ವಸ್ತುವಾಗಿಸಿಕೊಂಡ ಥ್ರಿಲ್ಲರ್‌ಗಳ ವಿಷಯದಲ್ಲಿ ಈ ಆಕ್ಷೇಪ ಇನ್ನಷ್ಟು ಮೊನಚಾಗುತ್ತದೆ. ಏಕೆಂದರೆ ಥ್ರಿಲ್ಲರಿನ ಜೀವಾಳವೇ ಕುತೂಹಲ. ಮುಂದೇನೆಂದು ನಮ್ಮನ್ನು ಕೆರಳಿಸದೆ ಅದು ಒಂದು ಹೆಜ್ಜೆಯನ್ನೂ ಇಡಲಾರದು. ನೋಡುವುದು ತಪ್ಪು ಎನ್ನುವ ಕಥೆಯನ್ನು, ನೋಡಲೇಬೇಕೆಂಬ ಹಸಿವು ಹುಟ್ಟಿಸುವ ರೂಪದಲ್ಲಿ ಹೇಳುವುದು ಹೇಗೆ? ಮೂರು ಚಿತ್ರಗಳನ್ನು ಎದುರಿಗಿಟ್ಟುಕೊಂಡು ಪರಿಶೀಲಿಸೋಣ.

ಸ್ಪೇನಿನ ಅಲೆಹಾಂದ್ರೊ ಅಮೆನಾಬಾರ್ ಇಪ್ಪತ್ತರ ಹರೆಯದಲ್ಲೇ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ 'ತೇಸಿಸ್' (1996). ಮ್ಯಾಡ್ರಿಡ್‌ನ ಮೆಟ್ರೊ ರೈಲು ನಿಂತಿದೆ. ಯಾರೋ ಹಳಿಗೆ ಹಾರಿದ್ದಾರೆ. ನೋಡದೆ ಹೊರನಡೆಯಿರೆಂದು ಪ್ರಯಾಣಿಕರಿಗೆ ಹೇಳಲಾಗುತ್ತದೆ. ಆಂಹೆಲಾ ಎಂಬ ವಿದ್ಯಾರ್ಥಿನಿ ಮಾತ್ರ ಸಾಲು ಬಿಟ್ಟು ಹಳಿಯತ್ತ ಸರಿಯುತ್ತಾಳೆ. ಇನ್ನೇನು ಕಾಣಬೇಕು ಎನ್ನುವಷ್ಟರಲ್ಲಿ ಅವಳನ್ನು ಎಳೆದುಕೊಳ್ಳುತ್ತಾರೆ. ನಮಗೂ ಏನೂ ಕಾಣುವುದಿಲ್ಲ. ಆ ಕ್ಷಣದಲ್ಲಿ ನಮ್ಮೊಳಗೆ ಹುಟ್ಟುವ ಸಣ್ಣ ನಿರಾಶೆಯೇ ಇಡೀ ಚಿತ್ರದ ಬೀಜ. ದೃಶ್ಯಮಾಧ್ಯಮದ ಹಿಂಸೆಯ ಕುರಿತು ಪ್ರಬಂಧ ಬರೆಯುತ್ತಿರುವ ಆಕೆಗೆ ನಿಜವಾದ ಕೊಲೆಯ ಟೇಪೊಂದು ಸಿಗುತ್ತದೆ. ಅದನ್ನು ನೋಡುವ ಧೈರ್ಯ ಅವಳಿಗಿಲ್ಲ, ಬಿಡಲೂ ಮನಸ್ಸಿಲ್ಲ. ಪರದೆಯನ್ನು ಕಪ್ಪಾಗಿಸಿ ಚೀತ್ಕಾರವನ್ನಷ್ಟೇ ಕೇಳಿಸಿಕೊಳ್ಳುತ್ತಾಳೆ. ಕಣ್ಣು ಮುಚ್ಚಿದರೂ ಚಪಲ ಸಾಯದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಚಿತ್ರದ ನಡುಭಾಗ ಕೊಂಚ ಸಡಿಲ. ಕೊಲೆಗಾರ ಇವನೋ ಅವನೋ ಎಂಬ ಮಾಮೂಲಿ ಕಣ್ಣಾಮುಚ್ಚಾಲೆಯಲ್ಲಿ ಮೂಲಪ್ರಶ್ನೆ ಸ್ವಲ್ಪ ಹೊತ್ತು ಮರೆಯಾಗುತ್ತದೆ. ಆದರೆ ಕೊನೆಯಲ್ಲಿ ಅದು ಮರಳಿ ಬರುತ್ತದೆ. ಆಸ್ಪತ್ರೆಯ ಟಿ.ವಿ.ಯಲ್ಲಿ ಆ ಕೊಲೆಯ ದೃಶ್ಯ ಪ್ರಸಾರವಾಗಲಿದೆ. ಹಾಸಿಗೆ ಹಿಡಿದ ರೋಗಿಗಳೂ ಕಣ್ಣು ಕೀಳದೆ ಕಾಯುತ್ತಿದ್ದಾರೆ. ಸ್ಪೇನ್ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ಏಳು ಗೋಯಾ ಪ್ರಶಸ್ತಿಗಳನ್ನು ಕೊಟ್ಟದ್ದು ಸುಮ್ಮನೆ ಅಲ್ಲ.

ಮೂರು ವರ್ಷಗಳ ಬಳಿಕ ಹಾಲಿವುಡ್‌ನ ಜೋಯೆಲ್ ಶುಮಾಕರ್ ಇಂಥದೇ ವಸ್ತುವನ್ನು '8ಎಂಎಂ' (1999) ಚಿತ್ರದಲ್ಲಿ ಕೈಗೆತ್ತಿಕೊಂಡರು. ಸಿರಿವಂತನೊಬ್ಬನ ತಿಜೋರಿಯಲ್ಲಿ ಹುಡುಗಿಯೊಬ್ಬಳ ಕೊಲೆಯ ರೀಲು ಸಿಗುತ್ತದೆ. ಅದರ ಸತ್ಯ ಹುಡುಕಲು ನಿಕೊಲಸ್ ಕೇಜ್ ಪಾತ್ರವಹಿಸಿದ ಖಾಸಗಿ ಪತ್ತೇದಾರ ಹೊರಡುತ್ತಾನೆ. ಆತ ರೀಲನ್ನು ಮೊದಲ ಸಲ ನೋಡುವಾಗ ಮುಖ ಹಿಂಡಿಕೊಳ್ಳುವುದು ಪರಿಣಾಮಕಾರಿಯಾಗಿದೆ. ಆಮೇಲೆ ಚಿತ್ರ ದಾರಿ ತಪ್ಪುತ್ತದೆ. ದುಷ್ಟರೆಲ್ಲ ಕತ್ತಲ ಕೋಣೆಗಳ ವಿಕಾರ ವ್ಯಕ್ತಿಗಳು, ನಾವು ಪ್ರೇಕ್ಷಕರು ಶುದ್ಧರು ಎಂಬ ಒಪ್ಪಂದವೊಂದು ಏರ್ಪಡುತ್ತದೆ. ಕೊನೆಗೆ ನಾಯಕನೇ ಸತ್ತ ಹುಡುಗಿಯ ತಾಯಿಗೆ ಫೋನ್ ಮಾಡಿ, ಒಂದು ಬಗೆಯ ಅನುಮತಿ ಪಡೆದು, ತಪ್ಪಿತಸ್ಥನನ್ನು ಬಡಿದು ಕೊಲ್ಲುತ್ತಾನೆ. ಸಾವನ್ನು ನೋಡಿ ಸುಖಿಸುವವರ ಮೇಲೆ ಅಸಹ್ಯ ಹುಟ್ಟಿಸಬೇಕಾದ ಚಿತ್ರ, ಮತ್ತೊಂದು ಸಾವನ್ನು ನಾವು ತೃಪ್ತಿಯಿಂದ ನೋಡುವಂತೆ ಮಾಡುತ್ತದೆ. ಇದು ನೈತಿಕ ಸೋಲು ಮಾತ್ರವಲ್ಲ, ಕಲೆಯ ಸೋಲೂ ಹೌದು. ತಾನೆತ್ತಿದ ಪ್ರಶ್ನೆಯನ್ನು ಚಿತ್ರ ತಾನೇ ಮರೆತಿದೆ.

ಈ ಬಗೆಯ ಚಿತ್ರಗಳ ಹಿರಿಯಣ್ಣ ಮೈಕೆಲ್ ಪೊವೆಲ್ ಅವರ 'ಪೀಪಿಂಗ್ ಟಾಮ್' (1960). ಕ್ಯಾಮರಾದ ಮುಕ್ಕಾಲಿಯಲ್ಲಿ ಅಡಗಿಸಿದ ಮೊಳೆಯಿಂದ ಹೆಂಗಸರನ್ನು ಕೊಲ್ಲುತ್ತ, ಅವರ ಭಯವನ್ನು ಚಿತ್ರೀಕರಿಸುವ ಯುವಕನ ಕಥೆ. ರಕ್ತ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಬ್ರಿಟಿಷ್ ವಿಮರ್ಶಕರು ಕೆಂಡಕಾರಿದರು. 'ದಿ ರೆಡ್ ಶೂಸ್' (1948) ಕೊಟ್ಟ ನಿರ್ದೇಶಕನ ವೃತ್ತಿಜೀವನಕ್ಕೆ ದೊಡ್ಡ ಪೆಟ್ಟು ಬಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೊದಲ ಕೊಲೆಯನ್ನು ನಾವು ಕಾಣುವುದು ಕೊಲೆಗಾರನ ಕ್ಯಾಮರಾದ ಕಂಡಿಯಿಂದ. ನಮ್ಮ ಕಣ್ಣೂ ಅವನ ಕಣ್ಣೂ ಒಂದೇ ಆಗಿಬಿಡುತ್ತವೆ. ಬಾಲ್ಯದಲ್ಲಿ ಮಗನನ್ನು ಹೆದರಿಸಿ ಆ ಹೆದರಿಕೆಯನ್ನು ಚಿತ್ರೀಕರಿಸುತ್ತಿದ್ದ ತಂದೆಯ ಪಾತ್ರವನ್ನು ಪೊವೆಲ್ ತಾವೇ ವಹಿಸಿದ್ದಾರೆ. ಮಗುವಾಗಿ ಅವರದೇ ಮಗ. ಬೆರಳು ತೋರಿಸುವ ಮುನ್ನ ನಿರ್ದೇಶಕ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದಾನೆ. ಇನ್ನೊಂದು ಸೂಕ್ಷ್ಮವೂ ಉಂಟು. ಈ ಯುವಕನಲ್ಲಿ ಏನೋ ಸರಿಯಿಲ್ಲವೆಂದು ಗ್ರಹಿಸುವವಳು ಕಣ್ಣಿಲ್ಲದ ಒಬ್ಬ ತಾಯಿ!

ಇದೆಲ್ಲ ಬರೀ ಸಿನಿಮಾ ಚರ್ಚೆಯೆಂದು ಕೈತೊಳೆದುಕೊಳ್ಳುವ ಕಾಲ ಕಳೆದಿದೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಕ್ಯಾಮರಾ ಕಟ್ಟಿಕೊಂಡೇ ಬಂದಿದ್ದ. ಕೊಲೆಯನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ 24 ಗಂಟೆಗಳಲ್ಲಿ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಸಂಸ್ಥೆ ಹೇಳಿತು. ಕೊಂದವನು ಒಬ್ಬ. ಅಷ್ಟೊಂದು ಸಲ ಅದನ್ನು ಮತ್ತೆ ಹರಿಬಿಡಲು ಹೊರಟವರು ಯಾರು? ಅವರೆಲ್ಲ ಶುಮಾಕರ್ ತೋರಿಸಿದ ಕತ್ತಲ ಕೋಣೆಯ ರಾಕ್ಷಸರೇ? ಅಮೆನಾಬಾರ್ ತೋರಿಸಿದ ಆಸ್ಪತ್ರೆಯ ರೋಗಿಗಳಂಥ ಸಾಮಾನ್ಯರೂ ಅವರಲ್ಲಿ ಇರಲಿಲ್ಲವೇ?

ಆದ್ದರಿಂದ ಇಂಥ ಚಿತ್ರದ ಗೆಲುವನ್ನು ಎಷ್ಟು ರಕ್ತ ಹರಿಯಿತೆಂಬುದರಿಂದ ಅಳೆಯಲಾಗದು. ಅದು ನಮ್ಮನ್ನು ಎಲ್ಲಿ ಕೂರಿಸುತ್ತದೆ ಎಂಬುದೇ ಅಳತೆಗೋಲು. ನ್ಯಾಯಾಧೀಶರ ಪೀಠದಲ್ಲಿ ಕೂರಿಸಿದ '8ಎಂಎಂ' ಸೋತಿತು. ಸಾಕ್ಷಿಯ ಜಾಗಕ್ಕೆ ಕರೆದ 'ತೇಸಿಸ್' ಬಹುಪಾಲು ಗೆದ್ದಿತು. ಆರೋಪಿಯ ಪಕ್ಕದಲ್ಲೇ ನಿಲ್ಲಿಸಿದ 'ಪೀಪಿಂಗ್ ಟಾಮ್' ಬಿಡುಗಡೆಯಾದಾಗ ಬೈಗುಳ ತಿಂದಿತು, ಆದರೆ ಉಳಿದುಕೊಂಡಿತು. ಯಾರದೋ ಸಾವಿನ ವಿಡಿಯೊ ನಮ್ಮ ಮೊಬೈಲಿಗೆ ಬಂದಾಗ ಬೆರಳು ಒಂದು ಕ್ಷಣ ತಡೆದು ನಿಂತರೆ, ಅಂಥ ಚಿತ್ರ ಮಾಡಿದ ಕೆಲಸ ವ್ಯರ್ಥವಾಗಿಲ್ಲ ಎನ್ನಬಹುದು.