‘ಸಹನೆ’ ಎಂಬ ಪರಿಭಾಷೆಯ ವಿಮರ್ಶೆ

ಅನ್ಯದೇಹದ ಚರ್ಮವನ್ನು ಕಸಿಮಾಡಿದರೆ ದೇಹವು ಅದನ್ನು ತಿರಸ್ಕರಿಸುವುದು ಸ್ವಭಾವ. ತಿರಸ್ಕರಿಸದೆ ಉಳಿಸಿಕೊಂಡರೆ ಆ ಸ್ಥಿತಿಯನ್ನು ಜೀವಶಾಸ್ತ್ರಜ್ಞರು ‘ಟಾಲರೆನ್ಸ್’ ಎನ್ನುವರು. ಕನ್ನಡದಲ್ಲಿ ಇದಕ್ಕೆ ‘ಸಹನೆ’ ಎಂಬ ಪ್ರತಿಶಬ್ದವು ಸಹಜವಾಗಿಯೇ ಒದಗುವುದು. ಆದರೆ ಕಸಿಯು ಉಳಿದ ಮಾತ್ರಕ್ಕೆ ಸಹನೆಯೆನ್ನಬಹುದೇ ಎಂಬುದು ವಿಚಾರಣೀಯವಾಗಿದೆ.

1953ರಲ್ಲಿ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡವಾರ್ ಎಂಬ ಮೂವರು ವಿದ್ವಾಂಸರು ಇಂಗ್ಲೆಂಡಿನಲ್ಲಿ ಗರ್ಭಸ್ಥ ಇಲಿಮರಿಗಳಿಗೆ ಬೇರೊಂದು ತಳಿಯ ಜೀವಕಣಗಳನ್ನು ಸೇರಿಸಿದರು. ಅವುಗಳಲ್ಲಿ ಕೆಲವು ಬೆಳೆದ ಮೇಲೆ ಆ ತಳಿಯ ಚರ್ಮವನ್ನು ಅಂಗೀಕರಿಸಿದುವು. ಮೂರನೆಯ ತಳಿಯದನ್ನಾದರೋ ತಿರಸ್ಕರಿಸಿದುವು. ಇಲ್ಲಿ ವಿವೇಕವುಂಟು, ಆದುದರಿಂದ ಆ ಹೆಸರು ಸಲ್ಲುವುದು.

1961ರಲ್ಲಿ ಜಾಕ್ ಮಿಲ್ಲರ್ ಲಂಡನ್ನಿನಲ್ಲಿ ಆಗತಾನೆ ಹುಟ್ಟಿದ ಇಲಿಮರಿಗಳ ಎದೆಯೊಳಗಣ ಥೈಮಸ್ ಗ್ರಂಥಿಯನ್ನು ತೆಗೆದರು. ಅವೂ ಅನ್ಯತಳಿಯ ಚರ್ಮವನ್ನು ಉಳಿಸಿಕೊಂಡುವು. ಫಲವೊಂದೇ, ಹೇತು ಬೇರೆ: ಹೋರಾಡತಕ್ಕ ಲಿಂಫೋಸೈಟ್ ಕಣಗಳೇ ಅವುಗಳಲ್ಲಿ ವಿರಳವಾಗಿದ್ದುವು, ಸೋಂಕಿಗೂ ಅವು ಸುಲಭವಾಗಿ ತುತ್ತಾದುವು. ಅಶಕ್ತನ ಮೌನವನ್ನು ಕ್ಷಮೆಯೆನ್ನಲಾಗದು. ಇದನ್ನೂ ಸಹನೆಯೆಂದರೆ ಅತಿವ್ಯಾಪ್ತಿದೋಷವು ತಪ್ಪದು.

ಇಲ್ಲಿ ಪೂರ್ವಪಕ್ಷವೊಂದುಂಟು. ಸ್ವದೇಹವನ್ನು ವಿರೋಧಿಸತಕ್ಕ ಕಣಗಳು ಥೈಮಸ್ಸಿನೊಳಗೇ ನಾಶವಾಗುವುವೆಂದು 1987ರಲ್ಲಿ ಇಲಿಗಳಲ್ಲಿಯೇ ಸಿದ್ಧಪಟ್ಟಿತು. ಹಾಗಾದರೆ ವಿರೋಧಿಯ ಅಭಾವವೇ ಸಹನೆಯಲ್ಲವೇ? ಅಷ್ಟೇ ಅಲ್ಲ. ಜಪಾನಿನಲ್ಲಿ ನಿಶಿಜುಕಾ, ಸಕಾಕುರಾ ಎಂಬವರು 1969ರಲ್ಲಿ ಪ್ರಕಟಿಸಿದಂತೆ, ಹುಟ್ಟಿದ ಮೂರನೆಯ ದಿನ ಗ್ರಂಥಿಯನ್ನು ತೆಗೆದ ಹೆಣ್ಣಿಲಿಗಳ ಅಂಡಾಶಯಗಳು ಹಾಳಾದುವು. ಅದು ಸ್ವದೇಹದ ಕಣಗಳದೇ ಆಕ್ರಮಣವೆಂದು ಬಳಿಕ ತಿಳಿಯಿತು. ಆಕ್ರಮಿಸತಕ್ಕ ಕಣಗಳು ಅಷ್ಟರಲ್ಲಿ ಗ್ರಂಥಿಯಿಂದ ಹೊರಬಂದಿದ್ದುವು. ಅವನ್ನು ಅಡಗಿಸತಕ್ಕ ನಿಗ್ರಾಹಕ ಕಣಗಳು ಸಾಕಷ್ಟು ಬಂದಿರಲಿಲ್ಲವೆಂಬುದೇ ಇದರ ವಿವರಣೆ. ಆ ನಿಗ್ರಾಹಕ ಕಣಗಳನ್ನು 1995ರಲ್ಲಿ ಗುರುತಿಸಿದ ಶಿಮೋನ್ ಸಕಾಗುಚಿಯವರು 2025ರ ನೊಬೆಲ್ ಬಹುಮಾನದಲ್ಲಿ ಭಾಗಿಗಳಾದರು.

ಸಹ್ ಧಾತುವಿಗೆ ತಾಳಿಕೊಳ್ಳುವುದೆಂಬ ಅರ್ಥವು ಪ್ರಸಿದ್ಧವಾದುದು. ಋಗ್ವೇದದಲ್ಲಾದರೋ ಅದಕ್ಕೆ ಅಭಿಭವ, ಎಂದರೆ ಗೆದ್ದು ಅಡಗಿಸುವುದು, ಎಂಬ ಅರ್ಥವೂ ಉಂಟು. ಆ ಪ್ರಾಚೀನಾರ್ಥವು ನಿಗ್ರಾಹಕ ಕಣಗಳ ವ್ಯಾಪಾರಕ್ಕೆ ಚೆನ್ನಾಗಿ ಹೊಂದುವುದು. ಆದುದರಿಂದ ‘ಸಹನೆ’ಯನ್ನು ತ್ಯಜಿಸಬೇಕಾಗಿಲ್ಲ, ಹೋರಾಡಬಲ್ಲ ದೇಹವು ತನ್ನದೆಂದು ಕಲಿತುದರಲ್ಲಿ ತೋರುವ ಸಂಯಮಕ್ಕೆ ಮಾತ್ರ ಅದು ಮೀಸಲಾಗಲಿ. ಗ್ರಂಥಿಯಿಲ್ಲದ ಇಲಿಯ ಸ್ಥಿತಿಯನ್ನು ‘ಅಶಕ್ತಿ’ಯೆಂದೇ ಬರೆಯತಕ್ಕದ್ದು.

ಇದು ಬರಿಯ ಶಬ್ದಕಲಹವಲ್ಲ. ಮೂತ್ರಪಿಂಡದ ಕಸಿಯಾದ ರೋಗಿಯು ಔಷಧಬಲದಿಂದ ಅದನ್ನು ಉಳಿಸಿಕೊಂಡು ಸೋಂಕಿಗೆ ಈಡಾಗುವುದು ಅಶಕ್ತಿಯ ಫಲ. ವೈದ್ಯರು ಅರಸುತ್ತಿರುವುದು ಸಹನೆಯನ್ನು. ಎರಡಕ್ಕೂ ಒಂದೇ ಪದವನ್ನು ಬಳಸಿದರೆ ವಿದ್ಯಾರ್ಥಿಗೆ ಈ ಭೇದವೇ ಕಾಣದು.